ಆಡಾವ್ರು ಅದಾರ, ಆಡಿಸಾವ್ರು ಬೇಕಾಗ್ಯಾರ



2023ರ ಆಗಸ್ಟ್‌ನಾಗ ನಮ್ಮ ಹುಬ್ಬಳ್ಳಿ ಟೈಗರ್ಸ್ ಮಹಾರಾಜ ಟ್ರೋಫಿ ಗೆದ್ರು. ಮನೀಶ್ ಪಾಂಡೆ ಕ್ಯಾಪ್ಟನ್, ಎದುರಿಗೆ ಮೈಸೂರು ವಾರಿಯರ್ಸ್, ಗೆದ್ದದ್ದು ಬರೇ 8 ರನ್ನಿಂದ. ನೆನಪೈತಲ್ಲ? ಈಗ ಒಂದು ವಿಚಾರ ಮಾಡ್ರಿ. ಜರ್ಸಿ ಮ್ಯಾಲ ಹೆಸರು ಹುಬ್ಬಳ್ಳಿದು, ಫೈನಲ್ ಆಗಿದ್ದು ಬೆಂಗಳೂರಾಗ. 2022ಕ್ಕ ಈ ಟೂರ್ನಿ ಶುರು ಆತು. 2025ರ ತನಕ ಮೈಸೂರು, ಬೆಂಗಳೂರು ಬಿಟ್ಟು ಹೊರಗ ಬಂದಿಲ್ಲ. ನಮ್ಮ ರಾಜನಗರದಾಗ ಕೆಎಸ್‌ಸಿಎ ಸ್ಟೇಡಿಯಂ ಐತಿ. ಅಲ್ಲೆ ರಣಜಿ ಮ್ಯಾಚ್ ಆಗ್ಯಾವ, ಹಿಂದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಇದ್ದಾಗ ಅದರ ಮ್ಯಾಚೂ ಆಗ್ಯಾವ. ಮೈದಾನ ಐತಿ, ಆಟಗಾರರು ಅದಾರ, ನೋಡಾಕ ಮಂದಿ ಅಂತೂ ಬರೇ ನೆಟ್ ಪ್ರಾಕ್ಟೀಸ್ ಇದ್ರೂ ಕಂಪೌಂಡ್ ಹತ್ತಿ ನಿಲ್ತಾರ.

ಹಂಗಾದ್ರ ಕಡಿಮಿ ಬಿದ್ದದ್ದು ಏನು? ಒಂದು ಲೀಗ್ ಇನ್ನೊಂದು ಊರಿಗೆ ಬರಬೇಕಂದ್ರ ಎಲ್ಲಾ ತಂಡಗಳಿಗೂ ಹೋಟೆಲ್ ಬೇಕು, ಟಿವಿಯವರ ಸಾಮಾನು ಬರಬೇಕು, ಪೊಲೀಸರು, ಆಂಬುಲೆನ್ಸ್, ಟಿಕೆಟ್, ಪಾರ್ಕಿಂಗ್ ಎಲ್ಲಾ ಆಗಬೇಕು. ಇಷ್ಟು ಖರ್ಚು ಮಾಡಿದ್ರ ಇಷ್ಟು ರೊಕ್ಕ ಹೊಳ್ಳಿ ಬರ್ತೈತಿ ಅಂತ ಕಾಗದದ ಮ್ಯಾಲ ಲೆಕ್ಕ ತೋರಸಾವ್ರು ಬೇಕು. ಆ ಲೆಕ್ಕ ಕಲಸೋ ಓದಿನ ಬಗ್ಗೆ ಇವತ್ತು ಮಾತಾಡೂಣು. ಡಿಗ್ರಿ ಆದ ಮ್ಯಾಲ ಮಾಡೋ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಕೋರ್ಸ್. ಅದನ್ನ ಓದಿದವ್ರು ಏನಾಗ್ತಾರ, ನಮ್ಮ ಕಡೆ ಹುಡುಗರು ಅದನ್ನ ಯಾಕ ಓದಬೇಕು.

ಈ ಓದು ಹುಟ್ಟಿದ್ದು ಒಂದು ಪತ್ರದಿಂದ. 1957ರಾಗ ಅಮೆರಿಕದ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲಕ ವಾಲ್ಟರ್ ಒಮ್ಯಾಲಿ, ಜೇಮ್ಸ್ ಮೇಸನ್ ಅನ್ನೋ ಪ್ರಾಧ್ಯಾಪಕರಿಗೆ ಪತ್ರ ಬರದ್ರು. ತಂಡ ನಡಸಾಕ, ಸ್ಟೇಡಿಯಂ ನಡಸಾಕ ತಯಾರಾದ ಮಂದಿಯನ್ನ ಎಲ್ಲಿಂದ ತರೂದು ಅನ್ನೂದು ಅವರ ಪ್ರಶ್ನೆ. 1966ರಾಗ ಓಹಾಯೊ ವಿಶ್ವವಿದ್ಯಾಲಯದಾಗ ಮೊದಲ ಸ್ನಾತಕೋತ್ತರ ಕೋರ್ಸ್ ಶುರು ಆತು. ಮಾಲಕನ ಗರಜಿನಿಂದ ಹುಟ್ಟಿದ ಓದು ಇದು. ಹಂಗಾಗಿ ಇವತ್ತಿಗೂ ಚೊಲೊ ಕೋರ್ಸ್ ಯಾವುದು ಅಂತ ನೋಡಬೇಕಂದ್ರ ಕ್ಲಾಸ್‌ರೂಮಿನ ಹೊರಗ ಏನು ಕೆಲಸ ಮಾಡಸ್ತಾರ ಅನ್ನೂದನ್ನ ನೋಡಬೇಕು.

ಒಳಗ ಏನು ಕಲಸ್ತಾರ? ಮಾರ್ಕೆಟಿಂಗ್, ಸ್ಪಾನ್ಸರ್‌ಶಿಪ್, ಕ್ರೀಡಾ ಕಾನೂನು, ಹಣಕಾಸು, ಮೈದಾನ ನಿರ್ವಹಣೆ, ಅಂಕಿಅಂಶ. ಸಿಲಬಸ್ ಓದಿದ್ರ ಏನೂ ತಿಳಿಯಂಗಿಲ್ಲ. ಅದರ ಬದ್ಲಿ ನಮ್ಮ ಓಣಿ ಟೂರ್ನಮೆಂಟಿನ ಒಂದು ಫ್ಲೆಕ್ಸ್ ಮುಂದ ನಿಂದ್ರೂಣು ಬರ್ರಿ.

ಮ್ಯಾಲ ಒಬ್ಬ ನಾಯಕರ ದೊಡ್ಡ ಫೋಟೋ. ಕೆಳಗ ಸಾಲಾಗಿ ಸಣ್ಣ ಸಣ್ಣ ಮುಖ. ಪ್ರಥಮ ಬಹುಮಾನ ಒಬ್ಬರದು, ಟ್ರೋಫಿ ಇನ್ನೊಬ್ಬರದು, ಟಿ-ಶರ್ಟ್ ಮತ್ತೊಬ್ಬರದು, ಮಧ್ಯಾಹ್ನದ ಊಟ ಮಗದೊಬ್ಬರದು. ಹುಡುಗರು ಓಣಿ ಓಣಿ ತಿರುಗಿ ಪಟ್ಟಿ ಎತ್ತಿದ ರೊಕ್ಕ ಅದು. ಟೂರ್ನಮೆಂಟ್ ಮುಗದ ಮರುದಿನ ಫ್ಲೆಕ್ಸ್ ಇಳಿತೈತಿ, ಮಳಿಗಾಲಕ್ಕ ಯಾರದರ ತಗಡಿನ ಮ್ಯಾಲ ಹೊಚಗೊಂಡು ಕುಂದ್ರತೈತಿ. ಮುಂದಿನ ವರ್ಷ ಅದೇ ಅಂಗಡಿಗೆ ಹೋದ್ರ ಸಾಹುಕಾರ್ರು "ಹೋದ ಸಲ ಕೊಟ್ಟೀನಲ್ಲೋ ತಮ್ಮಾ" ಅಂತಾರ. ಅವರದೇನೂ ತಪ್ಪಿಲ್ರಿ. ಕೊಟ್ಟ ರೊಕ್ಕಕ್ಕ ಏನು ಬಂತು ಅಂತ ಅವರಿಗೆ ಯಾರೂ ಹೇಳಲೇ ಇಲ್ಲ.

ಸ್ಪಾನ್ಸರ್‌ಶಿಪ್ ಕಲಿತ ಹುಡುಗಿ ಇದ್ದಿದ್ರ ಏನು ಮಾಡ್ತಿದ್ಲು? ಮೊದಲ ಆಟಕ್ಕ ಯಾರು ಬರ್ತಾರ ಅಂತ ಬರಕೊಳ್ತಿದ್ಲು. ಕಲಘಟಗಿ, ನವಲಗುಂದ, ಕುಂದಗೋಳ ಕಡೆ ತಂಡ ಬರ್ತಾವು, ಅವರ ಜೋಡಿ ರೈತರ ಮಕ್ಕಳು ಬರ್ತಾರ. ಹಂಗಾದ್ರ ಟ್ರ್ಯಾಕ್ಟರ್ ಷೋರೂಮಿನವರಿಗೆ ಫೋಟೋ ಬ್ಯಾಡ, ಮೈದಾನದ ಬಾಗಲದಾಗ ಒಂದು ಟ್ರ್ಯಾಕ್ಟರ್ ನಿಲ್ಲಿಸಾಕ ಜಾಗ ಬೇಕು. ಕೋಚಿಂಗ್ ಕ್ಲಾಸಿನವರಿಗೆ ಹುಡುಗರ ತಾಯಿ-ತಂದಿ ಭೆಟ್ಟಿ ಆಗಬೇಕು, ಅದಕ್ಕ ಅಂಡರ್-14 ಮ್ಯಾಚಿನ ದಿನ ಅವರದು. ಎಲ್ಲಾ ಮುಗದ ಮ್ಯಾಲ ಎರಡು ಪುಟದ ವರದಿ: ಎಷ್ಟು ಮಂದಿ ಬಂದ್ರು, ನಿಮ್ಮ ಸ್ಟಾಲ್ ಮುಂದ ಎಷ್ಟು ಮಂದಿ ನಿಂತ್ರು, ಎಷ್ಟು ಮಂದಿ ನಂಬರ್ ಕೊಟ್ಟು ಹೋದ್ರು. ಆ ಎರಡು ಪುಟ ಹಿಡಕೊಂಡು ಮುಂದಿನ ವರ್ಷ ಹೋದ್ರ ಮಾತು ಬ್ಯಾರೆ ಆಗ್ತೈತಿ. ಐಪಿಎಲ್ ತಂಡದ ಆಫೀಸಿನಾಗ ಕುಂತು ಮಾಡೋ ಕೆಲಸವೂ ಇದ, ಆಕಡೆ ಸೊನ್ನಿ ಜಾಸ್ತಿ, ಅಷ್ಟ.

ಓಣಿ ಟೂರ್ನಮೆಂಟ್ ಅಷ್ಟ ಅಲ್ರಿ, 2023ರ ಅಕ್ಟೋಬರ್‌ನಾಗ ಧಾರವಾಡದಾಗ 25,000 ಡಾಲರ್ ಬಹುಮಾನದ ಐಟಿಎಫ್ ಟೆನಿಸ್ ಟೂರ್ನಿ ಆತು. ರಾಮಕುಮಾರ್ ರಾಮನಾಥನ್ ಗೆದ್ರು. ಮನಸ್ಸು ಮಾಡಿದ್ರ ನಮ್ಮ ಜಿಲ್ಲಾದಾಗೂ ಅಂತರರಾಷ್ಟ್ರೀಯ ಮಟ್ಟದ ಆಟ ಮಾಡಿ ತೋರಸಬಹುದು ಅನ್ನಾಕ ಇದಕ್ಕಿಂತ ದೊಡ್ಡ ಪುರಾವೆ ಬ್ಯಾಡ.

ಈಗ ಸಂಕಟದ ಮಾತು. 2025ರ ಜೂನ್ 4, ಚಿನ್ನಸ್ವಾಮಿ ಸ್ಟೇಡಿಯಂ ಹೊರಗ ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತದಾಗ 11 ಮಂದಿ ಜೀವಾ ಹೋದವು. ಆ ಸ್ಟೇಡಿಯಂ ಭಾಳ ಮಂದಿ ಕೂಡೋ ಕಾರ್ಯಕ್ರಮಕ್ಕ ಸುರಕ್ಷಿತ ಇಲ್ಲ ಅಂತ ನ್ಯಾಯಮೂರ್ತಿ ಡಿಕುನ್ಹಾ ಆಯೋಗ ಹೇಳಿತು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಾವ್ರಿಗೆ ಭಾಳ ಬ್ಯಾಸರ ತರೋ ಪಾಠ ಅಂದ್ರ ಮೈದಾನ ನಿರ್ವಹಣೆ. ಯಾವ ಗೇಟಿನಾಗ ತಾಸಿಗೆ ಎಷ್ಟು ಮಂದಿ ಒಳಗ ಹೋಗಬಹುದು, ಗೇಟಿನ ಹೊರಗ ರಸ್ತಾ ಎಷ್ಟು ಅಗಲ, ಆಂಬುಲೆನ್ಸ್ ಯಾವ ದಾರಿಲೆ ಹೊರಗ ಬರಬೇಕು, ಫ್ರೀ ಪಾಸ್ ಅಂತ ಸುದ್ದಿ ಹಬ್ಬಿದ್ರ ಏನಾಗ್ತೈತಿ. ಅಂಕಿ ಹಾಕಿ ಲೆಕ್ಕ ಮಾಡೂದು. ಈ ಕೋರ್ಸಿಗೆ ಹೋಗಾವ್ರು ಬ್ಯಾರೆ ಯಾವ ಪಾಠ ಮರತ್ರೂ ಇದನ್ನ ಮರೀಬ್ಯಾಡ್ರಿ. "ಇವತ್ತು ಕಾರ್ಯಕ್ರಮ ಬ್ಯಾಡ್ರಿ, ವ್ಯವಸ್ಥಾ ಆಗಿಲ್ಲ" ಅಂತ ಮ್ಯಾಲಿನವರ ಮುಂದ ನಿಂತು ಹೇಳೋ ಧೈರ್ಯ ಇರೋ ಮ್ಯಾನೇಜರ್ ನಮಗ ಬೇಕು.

ಇನ್ನ ನನ್ನ ಮನಸ್ಸಿಗೆ ಭಾಳ ಹತ್ತಿರದ ವಿಷಯ. ಹುಬ್ಬಳ್ಳಿಯಿಂದ ಮುಂಡಗೋಡ ದೂರಿಲ್ಲ. ಆ ಕಡೆ, ಹಳಿಯಾಳ, ಯಲ್ಲಾಪುರದ ಕಾಡಿನ ಹಳ್ಳ್ಯಾಗ ಸಿದ್ದಿ ಮಂದಿ ಅದಾರ. ಇವರ ಹಿರ್ಯಾರನ್ನ ಶತಮಾನಗಳ ಹಿಂದ ಆಫ್ರಿಕಾದಿಂದ ತಂದಿದ್ರು. 1987ರಾಗ, ಉತ್ತರ ಕನ್ನಡದ ನಂಟಿದ್ದ ಮಾರ್ಗರೆಟ್ ಆಳ್ವ ಕೇಂದ್ರದಾಗ ಕ್ರೀಡಾ ಮಂತ್ರಿ ಇದ್ದಾಗ, ಕ್ರೀಡಾ ಪ್ರಾಧಿಕಾರದ 'ಸ್ಪೆಷಲ್ ಏರಿಯಾ ಗೇಮ್ಸ್' ಯೋಜನಾ ಈ ಹಳ್ಳಿಗಳಿಗೆ ಬಂತು. ಹುಡುಗ-ಹುಡುಗ್ಯಾರನ್ನ ಆರಿಸಿ ಹಾಸ್ಟೆಲಿಗೆ ಒಯ್ದು ಓಟ, ಜಿಗಿತ ಕಲಿಸಿದ್ರು. ಮಕ್ಕಳು ರಾಷ್ಟ್ರಮಟ್ಟದಾಗ ಪದಕ ತಂದ್ರು. 1993ರಾಗ ಯೋಜನಾ ನಿಂತು ಹೋತು.

ಮಕ್ಕಳು ಸೋತಿರಲಿಲ್ರಿ. ಆರೇ ವರ್ಷದಾಗ ಒಬ್ಬ ಓಟಗಾರ ಪೂರ್ತಿ ತಯಾರ್ ಆಗಂಗಿಲ್ಲ, ಹತ್ತು ವರ್ಷಕ್ಕ ಬೇಕಾಗೋ ರೊಕ್ಕದ ದಾರಿ ಮೊದಲ ಹುಡುಕಬೇಕು. ಊರು ಬಿಟ್ಟು ಹೋದ ಹುಡುಗಿಯ ಸಾಲಿ ಓದು ಏನಾಗ್ತೈತಿ, ಕಾಲು ಉಳುಕಿದ್ರ ಯಾರು ನೋಡ್ತಾರ, ಆಟ ಬಿಟ್ಟ ಮ್ಯಾಲ ಹೊಟ್ಟಿಗೆ ಏನು? ಕ್ರೀಡಾ ಕೋಟಾದಾಗ ನೌಕರಿ ಸಿಕ್ಕ ಮ್ಯಾಲ ಕೆಲವರು ಓಟ ಬಿಟ್ರು. ಬಡವರ ಮನಿ ಮಕ್ಕಳಿಗೆ ಅದನ್ನ ತಪ್ಪು ಅನ್ನಾಕ ನನಗ ಮನಸ್ಸಿಲ್ಲ. ಇವರ ರಕ್ತದಾಗ ಓಟ ಐತಿ ಅಂತ ನಂಬಿ ಯೋಜನಾ ತಂದವರು, ಈ ಪ್ರಶ್ನೆಗಳಿಗೆ ಉತ್ತರ ಬರದು ಇಟ್ಟಿದ್ರ ಇವತ್ತು ಮುಂಡಗೋಡದ ಹೆಸರು ಬ್ಯಾರೆ ಥರ ಕೇಳಸ್ತಿತ್ತು.

ಈಗ ಮುಂಡಗೋಡದಾಗ 'ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್' ಅನ್ನೋ ಸಂಸ್ಥಾ ಸಿದ್ದಿ ಮಕ್ಕಳ ಜೋಡಿ ಅಥ್ಲೆಟಿಕ್ಸ್ ಕೆಲಸ ಮಾಡ್ತೈತಿ. ಇಂಥಾ ಕಡೆ ಕೋಚ್ ಒಬ್ಬರ ಇದ್ರ ಸಾಲಂಗಿಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಯ ತರಬೇತಿಗೆ ಕಂಪನಿಗಳು ಸಿಎಸ್‌ಆರ್ ರೊಕ್ಕ ಕೊಡಬಹುದು. ಆ ರೊಕ್ಕ ತರಾಕ ಪ್ರಸ್ತಾವನೆ ಬರೀಬೇಕು, ಖರ್ಚಿಗೆ ಲೆಕ್ಕ ಕೊಡಬೇಕು, ಯಾವ ಹುಡುಗಿ ಯಾವ ಕೂಟಕ್ಕ ಹೋಗಬೇಕು ಅಂತ ವರ್ಷದ ಮೊದಲ ತೀರ್ಮಾನ ಆಗಬೇಕು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಐಪಿಎಲ್ ಬಾಕ್ಸ್‌ಕಿಂತ ದೊಡ್ಡ ಕೆಲಸ ಇಲ್ಲೆ ಐತಿ ಅಂತ ನನ್ನ ನಂಬಿಗಿ.

ಬಾಕಿ ದಾರಿಗಳನ್ನ ಲಗೂನ ಹೇಳಿಬಿಡ್ತೀನಿ. ಫ್ರಾಂಚೈಸಿ ತಂಡದ ಆಪರೇಷನ್ಸ್, ಆಟಗಾರರ ಒಪ್ಪಂದ ನೋಡೋ ಏಜೆನ್ಸಿ, ಟಿವಿ ಮತ್ತ ಒಟಿಟಿ, ಕ್ರೀಡಾ ಸಾಮಾನಿನ ಕಂಪನಿ. ಬಳ್ಳಾರಿ ಕಡೆ ವಿಜಯನಗರದಾಗ ಜೆಎಸ್‌ಡಬ್ಲ್ಯುದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಥರದ ತರಬೇತಿ ಕೇಂದ್ರಗಳು. 2019ರ ಮ್ಯಾಚ್ ಫಿಕ್ಸಿಂಗ್ ಪ್ರಕರಣ ಆದ ಮ್ಯಾಲ ಕೆಪಿಎಲ್ ನಿಂತಿದ್ದು ನಿಮಗ ಗೊತ್ತೈತಿ. ಅದರಿಂದ ಭ್ರಷ್ಟಾಚಾರ ತಡೆಯೋ ವಿಭಾಗ ಎಷ್ಟು ಮಹತ್ವದ್ದು ಅಂತ ತಿಳೀತು. 2025ರಾಗ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದೈತಿ. ಫೆಡರೇಷನ್‌ಗಳಿಗೆ ಇನ್ನ ನಿಯಮ ಬಲ್ಲ ಮಂದಿ ಬೇಕ ಬೇಕು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದೈತಿ, ಅಲ್ಲೂ ಕೈ ಬೇಕು.

ಹಂಗಂತ ಕಣ್ಣು ಮುಚ್ಚಿ ಫೀ ಕಟ್ಟಬ್ಯಾಡ್ರಿ. ಈ ಧಂದೆಯಾಗ ಭಾಳಷ್ಟು ಕೆಲಸ ಸೀಸನ್ ಮ್ಯಾಲ ನಿಂತಾವು. ಐಪಿಎಲ್ ಅಂದ್ರ ಎರಡು ತಿಂಗಳು, ಮಹಾರಾಜ ಟ್ರೋಫಿ ಅಂದ್ರ ಎರಡು-ಮೂರು ವಾರ. ಉಳಿದ ತಿಂಗಳು ಸಂಬಳ ಯಾರು ಕೊಡ್ತಾರ? 2025ರ ಆಗಸ್ಟ್‌ನಾಗ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ರೊಕ್ಕ ಹಚ್ಚಿ ಆಡೋ ಆಟ ಬಂದ್ ಆದವು, ಭಾರತ ಕ್ರಿಕೆಟ್ ತಂಡದ ಜರ್ಸಿ ಮ್ಯಾಲಿನ ಡ್ರೀಮ್11 ಹೆಸರು ಹೋತು. ಒಂದ ಥರದ ಕಂಪನಿ ನಂಬಿದ್ದ ಸಣ್ಣ ಲೀಗ್‌ಗಳಿಗೆ ಅದು ಎಂಥಾ ಪೆಟ್ಟು ಅಂತ ವಿಚಾರ ಮಾಡ್ರಿ.

ಓದಬೇಕಂದ್ರ ಎಲ್ಲಿ? ಪುಣೆದಾಗ ಸಿಂಬಯೋಸಿಸ್ ಐತಿ, ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಅಲ್ಲಿರ್ತೀರಿ. ಕೋಲ್ಕತ್ತಾದ ಐಐಎಸ್‌ಡಬ್ಲ್ಯುಬಿಎಂ ಹಳೇದು. ಕೆಲಸ ಮಾಡ್ತಾ ಓದಾವ್ರಿಗೆ ಐಐಎಂ ರೋಹ್ಟಕ್‌ದ ಎಕ್ಸಿಕ್ಯುಟಿವ್ ಡಿಪ್ಲೊಮಾ. ನನ್ನ ಆಸೆ ಅಂತೂ ಬ್ಯಾರೆನ ಐತಿ. ಕರ್ನಾಟಕ ವಿಶ್ವವಿದ್ಯಾಲಯದಾಗ ದೈಹಿಕ ಶಿಕ್ಷಣ ವಿಭಾಗ ಐತಿ, ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥಾನೂ ಐತಿ. ಇವೆರಡೂ ಕೂಡಿ ಒಂದು ಕೋರ್ಸ್ ಕಟ್ಟಿ, ಆರ್.ಎನ್. ಶೆಟ್ಟಿ ಸ್ಟೇಡಿಯಂನ ಅದರ ಪ್ರಯೋಗಶಾಲೆ ಮಾಡಿದ್ರ ನಮ್ಮ ಹುಡುಗರು ಪುಣೆ ಬಸ್ ಯಾಕ ಹತ್ತಬೇಕು?

ಗದಗಿನ ಕ್ರಿಕೆಟಿಗ ಸುನೀಲ್ ಜೋಶಿ ಹುಡುಗ ಇದ್ದಾಗ ನಸುಕಿನಾಗ ಎದ್ದು ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಹೊಳ್ಳಿ ಹೋಗಿ ಸಾಲಿಗೆ ಹೋಗ್ತಿದ್ರು. ಭಾರತದ ಪರ ಟೆಸ್ಟ್ ಆಡಿದ್ರು. ಅಂಥಾ ಛಲದ ಹುಡುಗರು ಇವತ್ತೂ ಗದಗ, ಹಾವೇರಿ, ಬಾಗಲಕೋಟಿಯಿಂದ ಬರ್ತಾರ. ಅವರ ಬಸ್ ಚಾರ್ಜಿನ ವ್ಯವಸ್ಥಾ ಮಾಡೂದೂ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಕೆಲಸನ.

ಅದಕ್ಕ ನಾನು ಹೇಳೂದು, ಅರ್ಜಿ ಹಾಕೂಕಿಂತ ಮೊದಲ ಇಲ್ಲೇ ಒಂದು ಟೂರ್ನಮೆಂಟ್ ನಡಸಿ ನೋಡ್ರಿ. ಕಬಡ್ಡಿ ಆಗಲಿ, ಕುಸ್ತಿ ಆಗಲಿ, ಹುಡುಗ್ಯಾರ ಖೋ-ಖೋ ಆಗಲಿ. ಪಟ್ಟಿ ಎತ್ತೂದು ಬಿಟ್ಟು ಸ್ಪಾನ್ಸರ್ ಹುಡುಕ್ರಿ, ಕಡೀಕ ಆ ಎರಡು ಪುಟದ ವರದಿ ಬರೀರಿ. ಆ ಕೆಲಸದಾಗ ನಿಮಗ ಹುರುಪು ಬಂದ್ರ ಆ ವರದಿನ ಇಂಟರ್‌ವ್ಯೂಗೆ ಒಯ್ರಿ. ಕಾಲೇಜಿನವರನ್ನೂ ಕೇಳ್ರಿ: ಹೋದ ಬ್ಯಾಚಿನವರು ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರು, ಅದಕ್ಕ ರೊಕ್ಕ ಸಿಕ್ಕಿತೋ ಇಲ್ಲೋ, ಕ್ರಿಕೆಟ್ ಬಿಟ್ಟು ಬ್ಯಾರೆ ಆಟದಾಗ ನೌಕರಿ ಮಾಡಾವ್ರು ಎಷ್ಟು ಮಂದಿ. ಹಳೇ ವಿದ್ಯಾರ್ಥಿ ಒಬ್ಬರ ಫೋನ್ ನಂಬರ್ ಇಸಗೊಳ್ರಿ, ಅವರ ಜೋಡಿ ಮಾತಾಡಿದ ಮ್ಯಾಲ ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಮಾಡ್ರಿ.