ಧರ್ಮಸ್ವಾತಂತ್ರ್ಯವೂ ಸಲಿಂಗ ವಿವಾಹದ ಹಕ್ಕೂ
(ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಆಗಮಗಳನ್ನೂ ಓದಿಕೊಂಡ ನನ್ನಂಥವನು ಕಾಯಿದೆಯ ಮಾತನ್ನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಮಠದ ಹಿರಿಯ ಭಕ್ತರೊಬ್ಬರು ನನ್ನನ್ನು ಎರಡು ಪ್ರಶ್ನೆಗಳಿಂದ ಕಟ್ಟಿಹಾಕಿರುತ್ತಾರೆ. “ಶಾಸ್ತ್ರಿಗಳೆ, ನಾಳೆ ಸರಕಾರವು ಸಲಿಂಗ ವಿವಾಹಕ್ಕೆ ಮನ್ನಣೆ ಕೊಟ್ಟರೆ ಮಠದಲ್ಲಿ ನಾವೂ ಅದನ್ನು ನೆರವೇರಿಸಬೇಕಾಗುವುದೋ?” ಎಂಬುದು ಮೊದಲನೆಯದು. “ನನ್ನ ಮಗನು ಉಪನೋಂದಣಿ ಕಚೇರಿಯಲ್ಲಿ ಅಧಿಕಾರಿ, ಅವನ ಗತಿಯೇನು?” ಎಂಬುದು ಎರಡನೆಯದು.

ನಮ್ಮ ದೇಶದಲ್ಲಿ ಈ ಮಾತಿನ್ನೂ ಬಾಗಿಲಿನ ಹೊರಗಿದೆ. 2023ನೆಯ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ವಿವಾಹವಾಗುವುದು ಸಂವಿಧಾನದತ್ತವಾದ ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದ ಹೇಳಿ, ಕಾಯಿದೆ ಮಾಡುವ ಭಾರವನ್ನು ಶಾಸನಸಭೆಗೆ ಬಿಟ್ಟರು. ಆದುದರಿಂದ ಈ ದಾರಿಯನ್ನು ಮೊದಲೇ ನಡೆದವರ ಅನುಭವವನ್ನು ನೋಡುವುದು ಲೇಸು. ನಾನು ದಕ್ಷಿಣ ಆಫ್ರಿಕವನ್ನು ಆರಿಸಿಕೊಂಡಿದ್ದೇನೆ, ಅದಕ್ಕೆ ಕಾರಣವುಂಟು.

1913ರ ಮಾರ್ಚಿಯಲ್ಲಿ ಆ ದೇಶದ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬುವರು ಒಂದು ತೀರ್ಪನ್ನಿತ್ತರು. ಬಹುಪತ್ನೀತ್ವಕ್ಕೆ ಅವಕಾಶವುಳ್ಳ ಧರ್ಮಗಳ ವಿಧಿಯಿಂದ ಆದ ಮದುವೆಯು ಅಲ್ಲಿಯ ಕಾಯಿದೆಯ ದೃಷ್ಟಿಯಲ್ಲಿ ಮದುವೆಯೇ ಅಲ್ಲವೆಂಬುದು ಅದರ ತಾತ್ಪರ್ಯ. ಹಿಂದುಗಳ, ಮುಸಲ್ಮಾನರ ಧರ್ಮಪತ್ನಿಯರು ಒಂದೇ ದಿನದಲ್ಲಿ ಇಟ್ಟುಕೊಂಡವರೆಂಬ ಹೆಸರಿಗೆ ಗುರಿಯಾದರು. ಮಕ್ಕಳ ವಾರಸುದಾರಿಕೆಗೆ ಕುಂದು ಬಂದಿತು. ಗಾಂಧಿಯವರ ಸತ್ಯಾಗ್ರಹದಲ್ಲಿ ಸ್ತ್ರೀಯರು ಇಳಿದುದೂ ಕಸ್ತೂರಬಾ ಅವರು ಸೆರೆಮನೆಗೆ ಹೋದುದೂ ಆ ವರ್ಷವೇ. 1914ರ ಇಂಡಿಯನ್ ರಿಲೀಫ್ ಕಾಯಿದೆಯಿಂದ ಆ ವಿವಾಹಗಳಿಗೆ ಮನ್ನಣೆ ದೊರೆಯಿತು. ಸರಕಾರದ ಪುಸ್ತಕದಲ್ಲಿ ಹೆಸರಿಲ್ಲದ ದಾಂಪತ್ಯದ ಅವಮಾನವೆಂಥದೆಂಬುದನ್ನು ನಮ್ಮವರು ಆ ನೆಲದಲ್ಲಿಯೇ ಅನುಭವಿಸಿರುತ್ತಾರೆ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮನೆಗಳ ಸಂಬಂಧವನ್ನು ದೊರೆಯು ಒಪ್ಪದೆ ಹೋದ ಕಥೆಯನ್ನು ಕೇಳಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ದೇಶದ 1996ರ ಸಂವಿಧಾನವು ಲೈಂಗಿಕ ಒಲವಿನ ಕಾರಣದಿಂದ ಭೇದವೆಣಿಸಕೂಡದೆಂದು ತನ್ನ 9ನೆಯ ಪ್ರಕರಣದಲ್ಲಿಯೂ, ಧರ್ಮಶ್ರದ್ಧೆಯ ಸ್ವಾತಂತ್ರ್ಯವುಂಟೆಂದು 15ನೆಯ ಪ್ರಕರಣದಲ್ಲಿಯೂ ಹೇಳುತ್ತದೆ. ಬಹುಕಾಲದಿಂದ ಒಟ್ಟಿಗೆ ಬಾಳಿದ್ದ ಇಬ್ಬರು ಸ್ತ್ರೀಯರು ತಮ್ಮನ್ನು ದಂಪತಿಗಳೆಂದು ಗಣಿಸಬೇಕೆಂದು ನ್ಯಾಯಾಸ್ಥಾನಕ್ಕೆ ಹೋದರು. ಅಡ್ಡವಾದುದು 1961ರ ವಿವಾಹದ ಕಾಯಿದೆಯ ಪ್ರತಿಜ್ಞಾವಾಕ್ಯ. ಅದರಲ್ಲಿ “ಹೆಂಡತಿ ಅಥವಾ ಗಂಡ” ಎಂದು ಮಾತ್ರ ಇದ್ದಿತು. 2005ನೆಯ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯವು ಈ ಲೋಪವನ್ನು ತಿದ್ದಲು ಶಾಸನಸಭೆಗೆ ಒಂದು ವರ್ಷದ ಗಡುವನ್ನಿತ್ತು, ತಪ್ಪಿದಲ್ಲಿ “ಅಥವಾ ಸಂಗಾತಿ” ಎಂಬುದನ್ನು ಅಲ್ಲಿ ಸೇರಿಸಿಕೊಂಡೇ ಓದತಕ್ಕದ್ದೆಂದು ವಿಧಿಸಿತು. ಒಂದು ಪದದ ಮೇಲೆ ಎರಡು ಜೀವಗಳ ಮರ್ಯಾದೆ ನಿಂತಿದ್ದುದನ್ನು ಕಂಡು ವ್ಯಾಕರಣದ ವಿದ್ಯಾರ್ಥಿಯಾದ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ಪ್ರಧಾನ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಲ್ಬಿ ಸಾಕ್ಸ್ ಅವರು, ಯಾವ ಧರ್ಮಗುರುವನ್ನೂ ಅವನ ಶ್ರದ್ಧೆಗೆ ವಿರುದ್ಧವಾಗಿ ಇಂಥ ವಿವಾಹವನ್ನು ನೆರವೇರಿಸೆಂದು ಬಲಾತ್ಕರಿಸಲಾಗದೆಂಬುದನ್ನೂ ಸ್ಪಷ್ಟಪಡಿಸಿದರು.

2006ನೆಯ ನವೆಂಬರ್ 30ರಂದು ಸಿವಿಲ್ ಯೂನಿಯನ್ ಕಾಯಿದೆಯು ಜಾರಿಗೆ ಬಂದಿತು. ಅದರ 5ನೆಯ ಪ್ರಕರಣದ ಪ್ರಕಾರ, ಒಂದು ಧರ್ಮಸಂಸ್ಥೆಯು ತಾನಾಗಿಯೇ ಅರ್ಜಿಯಿಟ್ಟು ಅನುಮತಿ ಪಡೆದ ಹೊರತು ಅದರ ಗುರುಗಳಿಗೆ ಆ ಕಾಯಿದೆಯಂತೆ ವಿವಾಹ ಮಾಡಿಸುವ ಅಧಿಕಾರವೇ ಬರುವುದಿಲ್ಲ. ಒಲ್ಲದವರು ಒಲ್ಲೆನೆಂದು ಹೇಳುವ ಶ್ರಮವೂ ಇಲ್ಲ, ಸುಮ್ಮನಿದ್ದರೆ ಸಾಕು. ಹಿರಿಯರ ಮೊದಲನೆಯ ಪ್ರಶ್ನೆಗೆ ಆ ದೇಶವು ಕೊಟ್ಟ ಉತ್ತರವಿದು. ದೀಕ್ಷೆ, ವಿವಾಹ ಮುಂತಾದ ಸಂಸ್ಕಾರಗಳ ಒಡೆತನವು ಗುರುಪರಂಪರೆಗೆ ಸೇರಿದುದೆಂಬ ನನ್ನ ನಂಬಿಕೆಗೆ ಇದು ಸಮ್ಮತವಾಗಿದೆ.

ತೊಡಕು ಬಂದುದು 6ನೆಯ ಪ್ರಕರಣದಿಂದ. ಸರಕಾರದ ಸಂಬಳವುಣ್ಣುವ ವಿವಾಹಾಧಿಕಾರಿಯೂ ಅಂತಃಸಾಕ್ಷಿಯ ಕಾರಣದಿಂದ ಮಂತ್ರಿಗೆ ಬರೆದುಕೊಟ್ಟು ಸಲಿಂಗ ವಿವಾಹಗಳಿಂದ ವಿನಾಯಿತಿ ಪಡೆಯಬಹುದೆಂದು ಅದರಲ್ಲಿ ಹೇಳಿತ್ತು. ನೋಡುವುದಕ್ಕೆ ಇದು ದಯಾಪರವಾದ ವಿಧಿಯೇ. ಆದರೆ ನೂರಾರು ಅಧಿಕಾರಿಗಳು ವಿನಾಯಿತಿ ಪಡೆದರು. ಕೆಲವು ಕಚೇರಿಗಳಲ್ಲಿ ಈ ಕಾರ್ಯಕ್ಕೆ ಒಬ್ಬನೂ ಉಳಿಯಲಿಲ್ಲ. ಹಕ್ಕು ಪುಸ್ತಕದಲ್ಲಿದೆ, ಕಚೇರಿಯಲ್ಲಿಲ್ಲ. ತೆರಿಗೆ ಕೊಟ್ಟ ಪ್ರಜೆಯು ತನ್ನೂರ ಬಾಗಿಲಿನಿಂದ ಹಿಂದಿರುಗಿ ಬೇರೆ ಊರನ್ನು ಅರಸಿ ಹೋಗಬೇಕಾಯಿತು. 2020ರಲ್ಲಿ ಶಾಸನಸಭೆಯು ಆ ಪ್ರಕರಣವನ್ನು ತೆಗೆದುಹಾಕಿತು. ಆಗಲೇ ವಿನಾಯಿತಿ ಪಡೆದಿದ್ದವರಿಗೆ 24 ತಿಂಗಳ ಕಾಲಾವಕಾಶವನ್ನಿತ್ತು, ಅಷ್ಟರವರೆಗೆ ಪ್ರತಿಯೊಂದು ಕಚೇರಿಯಲ್ಲಿಯೂ ಒಪ್ಪುವ ಅಧಿಕಾರಿಯೊಬ್ಬನನ್ನು ಇಡತಕ್ಕದ್ದೆಂದು ಗೊತ್ತುಮಾಡಿತು.

ಎಲ್ಲವೂ ಇಷ್ಟು ನೇರವಾಗಿ ಬಗೆಹರಿಯಿತೆಂದು ಹೇಳಲಾರೆ. ಸ್ತ್ರೀಯೊಬ್ಬಳನ್ನು ವರಿಸುವೆನೆಂದು ಸಾರಿ ಪದವಿ ಕಳೆದುಕೊಂಡ ಮೆಥಡಿಸ್ಟ್ ಸಭೆಯ ಬೋಧಕಿಯೊಬ್ಬರ ಮೊಕದ್ದಮೆಯಲ್ಲಿ, 2015ರಲ್ಲಿ ಸಂವಿಧಾನ ನ್ಯಾಯಾಲಯವು, ಸಭೆಯೊಳಗಣ ಪಂಚಾಯಿತಿಯ ದಾರಿಯನ್ನು ಮೊದಲು ಹಿಡಿಯಬೇಕಾಗಿತ್ತೆಂದು ಕೈಕಟ್ಟಿ ನಿಂತಿತು. ಆದರೆ ಡಚ್ ರಿಫಾರ್ಮ್ಡ್ ಸಭೆಯು 2015ರಲ್ಲಿ ಕೊಟ್ಟ ಸಮ್ಮತಿಯನ್ನು 2016ರಲ್ಲಿ ಹಿಂದೆಗೆದುಕೊಂಡಾಗ, 2019ರಲ್ಲಿ ಪ್ರಿಟೋರಿಯದ ಉಚ್ಚ ನ್ಯಾಯಾಲಯವು ಆ ಎರಡನೆಯ ನಿರ್ಣಯವನ್ನೇ ರದ್ದುಮಾಡಿತು. ಸಭೆಯು ತನ್ನ ನಿಯಮಗಳನ್ನೇ ಮೀರಿ ನಡೆದಿದ್ದರೆ ತಿದ್ದುವುದು ಯುಕ್ತ. ಅದರಾಚೆಗೆ ಸಂಸ್ಕಾರದ ಅರ್ಥವನ್ನೇ ನ್ಯಾಯಾಧೀಶರು ತೂಗತೊಡಗಿದರೆ ಮಠಾಧಿಪತಿಗಳು ಕಳವಳಗೊಳ್ಳುವುದು ಸಹಜ. ನನಗೂ ಆ ಕಳವಳವಿದೆ, ಅದನ್ನು ಮುಚ್ಚಿಡಲಾರೆ.

ಈ ಎಲ್ಲವನ್ನೂ ಹಿರಿಯರಿಗೆ ಹೇಳಿದೆನು. ಮಠದ ವಿಷಯದಲ್ಲಿ ಅವರು ಸಮಾಧಾನಗೊಂಡರು. ಮಗನ ವಿಷಯದಲ್ಲಿ ನಾನು ಹೇಳಿದುದು ಅವರಿಗೆ ರುಚಿಸಲಿಲ್ಲ. ಅಂಥ ಕಾಯಿದೆಯು ನಮ್ಮಲ್ಲಿ ಎಂದಾದರೂ ಬಂದರೆ, ಅವನ ಮುಂದಿರುವ ದಪ್ತರವು ಅವನದಲ್ಲ. ಅದರಲ್ಲಿ ಬರೆಯುವಾಗ ಅವನು ಆಶೀರ್ವಾದ ಮಾಡುವುದಿಲ್ಲ, ನಡೆದುದನ್ನು ದಾಖಲಿಸುತ್ತಾನೆ. ಮನಸ್ಸು ಒಪ್ಪದಿದ್ದರೆ ಬೇರೆ ಕೆಲಸಕ್ಕೆ ವರ್ಗವಾಗಲು ಸರಕಾರವು ಅವನಿಗೆ ಸಮಯ ಕೊಡಬೇಕು. ಬಂದವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು ಮಾತ್ರ ಕೊಡಬಾರದು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ತಾಲ್ಲೂಕಿನಲ್ಲಿ ಆ ಕೆಲಸಕ್ಕೆ ಇರುವವನು ಅವನೊಬ್ಬನೇ, ಶಾಸ್ತ್ರಿಗಳೆ” ಎಂದರು. ಹಾಗಾದರೆ ಅವನು ಹಿಂದಕ್ಕೆ ಕಳುಹಿಸಿದವರು ಎಲ್ಲಿಗೆ ಹೋಗಬೇಕೆಂದು ಕೇಳಿದೆನು. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಇಂದು ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.