ಅಂಕಿತ

ನಮ್ಮ ಮನೆಯವರೆಲ್ಲ ಸೇರಿದ ವಾಟ್ಸಾಪ್ ಬಳಗವೊಂದಿದೆ. ಹಿಂದೆ ಹಬ್ಬಕ್ಕೆ ಒಂದೆಡೆ ಸೇರುತ್ತಿದ್ದ ನಾವು ಈಗ ದಿನಬೆಳಗಾದರೆ ಅಂಗೈಯಲ್ಲೇ ಕೂಡುತ್ತೇವೆ. ಪುಣೆಯಲ್ಲಿರುವ ನನ್ನ ಮಗ ಬೆಳಿಗ್ಗೆ ಆರಕ್ಕೆ ತಪ್ಪದೆ ಅಲ್ಲಿ ಒಂದು ವಚನವನ್ನು ಹಾಕುತ್ತಿದ್ದ. ಪೂಜೆಗೆ ಕೂರುವಷ್ಟು ವ್ಯವಧಾನ ಅವನ ಉದ್ಯೋಗದಲ್ಲಿಲ್ಲ. ಅದೇ ಅವನ ಪೂಜೆಯೆಂದು ಅವನ ತಾಯಿ ಹೇಳುತ್ತಿದ್ದಳು. ಆಕೆ ತೀರಿಕೊಂಡು ಎರಡು ವರ್ಷಗಳಾದವು.

ಕಳೆದ ಶ್ರಾವಣದಲ್ಲಿ ಅವನು ಹಾಕಿದ ವಚನವೊಂದು ಬಸವಣ್ಣನವರದಲ್ಲವೆಂದು ಓದಿದೊಡನೆಯೇ ನನಗೆ ಅನ್ನಿಸಿತು. ಕೂಡಲಸಂಗಮದೇವನ ಅಂಕಿತವೇನೋ ಇತ್ತು. ಆದರೆ ನಡುವೆ ‘ಜವಾಬ್ದಾರಿ’ ಎಂಬ ಮಾತಿತ್ತು. ಅದು ಪಾರಸಿಯಿಂದ ಬಂದ ಪದ. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ಅದು ಬರುವುದೆಂತು? ಆದರೂ 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳನ್ನು ತೆಗೆದು ನೋಡಿದೆ. ಇರಲಿಲ್ಲ.

ಇಂಥ ಪರಿಶೀಲನೆಯನ್ನು ಪಂಡಿತರ ಗೀಳೆಂದು ನಗುವವರುಂಟು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಜಗುಲಿಯ ಮೇಲೆ ಹೂವೇರಿಸಿಕೊಂಡು ಕುಳಿತಿದ್ದ ತಾಳೆಗರಿಗಳನ್ನು ಬಿಚ್ಚಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಪೂಜೆಗೊಳ್ಳುತ್ತಿದ್ದುದನ್ನು ಓದುವಂತೆ ಮಾಡಿದ ಆ ಕೆಲಸದ ಋಣದಲ್ಲಿ ನಾನು ಮೂವತ್ತು ವರ್ಷ ಪಾಠ ಹೇಳಿ ಉಂಡವನು. ಸುಮ್ಮನಿರುವುದು ನನ್ನಿಂದಾಗಲಿಲ್ಲ. “ಇದು ನಕಲಿ. ಇಂಥದನ್ನು ಹರಡುವುದು ಶರಣರಿಗೆ ಮಾಡುವ ಅಪಚಾರ” ಎಂದು ಬಳಗದಲ್ಲಿಯೇ ಬರೆದೆ. ತಮ್ಮಂದಿರಿಬ್ಬರು ಮೆಚ್ಚುಗೆಯ ಹೆಬ್ಬೆರಳೆತ್ತಿದರು. ನಾನೂ ಕೊಂಚ ಬೀಗಿದೆನೆಂದರೆ ಸುಳ್ಳಲ್ಲ.

ಮಗನಿಂದ ಉತ್ತರ ಬರಲಿಲ್ಲ. ಮರುದಿನ ಆರಕ್ಕೆ ವಚನವೂ ಬರಲಿಲ್ಲ. ನಾಲ್ಕನೆಯ ದಿನ ಮಗಳು ಫೋನು ಮಾಡಿದಳು: “ಅಪ್ಪಾಜಿ, ಅದು ಅಮ್ಮನ ಲೆಕ್ಕದ ಪುಸ್ತಕದಲ್ಲಿತ್ತು. ಅಣ್ಣ ಅದನ್ನು ನೋಡಿಕೊಂಡೇ ಬರೆದದ್ದು.” ಆ ಪುಟದ ಚಿತ್ರವನ್ನೂ ಕಳಿಸಿದಳು.

ಮೇಲೆ ಹಾಲಿನ ಲೆಕ್ಕ, ದೋಬಿಯ ಲೆಕ್ಕ. ಕೆಳಗೆ ಅವಳ ಗುಂಡಗಿನ ಅಕ್ಷರದಲ್ಲಿ ಆ ಏಳು ಸಾಲು. ಎಲ್ಲಿಂದಲೋ ಎತ್ತಿ ಬರೆದುಕೊಂಡಿರಬೇಕೆಂದು ಮೊದಲು ಎಣಿಸಿದೆ. ಆಮೇಲೆ ಕಂಡಿತು: ‘ಭಾರ’ ಎಂದು ಬರೆದು, ಹೊಡೆದು, ಮೇಲೆ ‘ಜವಾಬ್ದಾರಿ’ ಎಂದು ತಿದ್ದಿದ್ದಳು. ಪ್ರತಿಕಾರರು ಹೀಗೆ ತಿದ್ದುವುದಿಲ್ಲ. ಪದವನ್ನು ತೂಗಿ ಬದಲಿಸುವವರು ಕಟ್ಟುವವರೇ. ಪಾಠಾಂತರಗಳನ್ನು ಹಿಡಿದು ಜಗ್ಗುವ ನನಗೆ ನಮ್ಮ ಅಡುಗೆಮನೆಯ ಗೂಡಿನಲ್ಲಿದ್ದ ಆ ಪುಸ್ತಕವನ್ನು ಒಮ್ಮೆಯೂ ತೆರೆಯಬೇಕೆನ್ನಿಸಿರಲಿಲ್ಲ. ಯಾರ ಜವಾಬ್ದಾರಿಯ ಕುರಿತು ಆಕೆ ಸಂಗಮನಾಥನಿಗೆ ದೂರಿಟ್ಟಳೆಂಬುದನ್ನು ಇಲ್ಲಿ ಹೇಳಲಾರೆ.

ನನ್ನ ಮಾತನ್ನು ಅಳಿಸಲು ಹೋದೆ. ಇಷ್ಟು ದಿನ ಕಳೆದ ಮೇಲೆ ಎಲ್ಲರ ಫೋನಿನಿಂದಲೂ ಅದನ್ನು ತೆಗೆಯಲು ಬರುವುದಿಲ್ಲವೆಂದು ಮೊಮ್ಮಗ ತಿಳಿಸಿದ. ಮಗನಿಗೆ ಅಂಚೆಯಲ್ಲಿ ಒಂದು ಕಾಗದ ಬರೆದೆ. ಬಹಳ ವರ್ಷಗಳ ಮೇಲೆ.

ವಾರದ ಬಳಿಕ ಬೆಳಗಿನ ವಚನ ಮತ್ತೆ ಬರತೊಡಗಿತು. ಈಗ ಪ್ರತಿಯೊಂದರ ಕೆಳಗೂ ಸಂಪುಟ, ಪುಟಗಳ ಸಂಖ್ಯೆಯನ್ನು ಅವನು ನಮೂದಿಸುತ್ತಾನೆ. ಅವನ ತಾಯಿಯದು ಅವುಗಳಲ್ಲಿ ಒಂದೂ ಇಲ್ಲ.