ಗದಾಪರ್ವದ ಆಚೆ

ವಿಜಯನಗರದ ಅರಸ ಕೃಷ್ಣದೇವರಾಯನ ಆಶ್ರಯದಲ್ಲಿ ಕನ್ನಡದ ಒಂದು ದೊಡ್ಡ ಕೆಲಸ ನಡೆಯಿತು. ಗದುಗಿನ ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ್ದ. ಗದಾಪರ್ವ ಮುಗಿದಿತ್ತು, ದುರ್ಯೋಧನ ಬಿದ್ದಿದ್ದ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಬರೆದು ಪೂರೈಸಿದ. ಅದೇ ‘ಕೃಷ್ಣರಾಯ ಭಾರತ’.

ಮುಖ್ಯ ಕತೆ ಮುಗಿದ ಮೇಲೂ ಮುಂದುವರಿಸಬೇಕೇ? ಈಗ ಈ ಪ್ರಶ್ನೆ ವಿಡಿಯೊ ಗೇಮ್ ಆಡುವ ಯುವಕರ ಬಾಯಲ್ಲಿದೆ.

‘ಗಾಡ್ ಆಫ್ ವಾರ್’ ಆಟದ ಮೂರನೆಯ ಭಾಗ ಬಂದದ್ದು 2010ರಲ್ಲಿ. ನಾಯಕ ಕ್ರೇಟೋಸ್ ಗ್ರೀಕರ ದೇವರಾಜ ಜ್ಯೂಸ್‌ನನ್ನೇ ಕೊಂದ, ಸೇಡು ತೀರಿತು. 2018ರಲ್ಲಿ ಅವನು ಮರಳಿದಾಗ ಮುಖದ ತುಂಬ ಗಡ್ಡ, ಕೈಯಲ್ಲಿ ಕೊಡಲಿ, ಜೊತೆಗೆ ತಾಯಿಯನ್ನು ಕಳೆದುಕೊಂಡ ಎಳೆಯ ಮಗ. ಜಿಂಕೆಯನ್ನು ಕೊಂದು ಆ ಹುಡುಗ ಕಂಗೆಟ್ಟು ಕೂತಾಗ ಅಪ್ಪನ ಕೈ ಅವನ ಬೆನ್ನಿನವರೆಗೆ ಹೋಗುತ್ತದೆ, ಮುಟ್ಟದೆ ಹಿಂದೆ ಸರಿಯುತ್ತದೆ. ಆ ಒಂದು ಕ್ಷಣಕ್ಕಾದರೂ ಸರಣಿ ಮುಂದುವರಿದದ್ದು ಸಾರ್ಥಕ.

‘ಮಾಸ್ ಎಫೆಕ್ಟ್’ ಆಟಕ್ಕೆ ಆ ಭಾಗ್ಯ ಸಿಗಲಿಲ್ಲ. ಅದರ ನಾಯಕ ಶೆಪರ್ಡ್‌ನ ಕತೆ 2012ರಲ್ಲಿ ಮುಗಿಯಿತು; 2017ರಲ್ಲಿ ಬಂದ ಮುಂದಿನ ಭಾಗ ‘ಆಂಡ್ರೊಮೆಡಾ’ ಜನರ ಮನಸ್ಸಿಗೆ ಹಿಡಿಸಲಿಲ್ಲ. ಹೊಸ ನಕ್ಷತ್ರಲೋಕವಿತ್ತು, ಹಳೆಯ ಕತೆ ಉಳಿಸಿಹೋದ ನೋವಿರಲಿಲ್ಲ.

ಕುಮಾರವ್ಯಾಸನ ಭಾರತದಲ್ಲಿ ಆ ನೋವು ಉಳಿದಿತ್ತು. ಯುದ್ಧ ಗೆದ್ದಾಗಿತ್ತು, ಗಾಂಧಾರಿಯ ಅಳು ಬಾಕಿಯಿತ್ತು. ಧರ್ಮರಾಯನ ಪಶ್ಚಾತ್ತಾಪವೂ ಬಾಕಿಯಿತ್ತು. ತಿಮ್ಮಣ್ಣ ಮುಂದುವರಿಸಿದ್ದು ಸರಿಯೇ. ಕುಮಾರವ್ಯಾಸನನ್ನು ಮನೆಯಲ್ಲಿಟ್ಟುಕೊಂಡವರು ತಿಮ್ಮಣ್ಣನನ್ನೂ ಒಮ್ಮೆ ತೆರೆದು ಓದಬೇಕು.